ಅರಸೊತ್ತಿಗೆಯಿಂದ ಗುರುಸೇವೆಗೆ: ಚಿಕ್ಕಬೆಟ್ಟದ ಕಲ್ಲಿನಲ್ಲಿ ಉಳಿದ ಚಂದ್ರಗುಪ್ತ ಮುನಿಗಳ ಜೀವನ

ಶ್ರವಣಬೆಳಗೊಳಕ್ಕೆ ಹೋಗುವ ಕುಟುಂಬಗಳು ಸಾಮಾನ್ಯವಾಗಿ ಮೊದಲು ದೊಡ್ಡಬೆಟ್ಟ ಹತ್ತಿ ಬಾಹುಬಲಿ ಸ್ವಾಮಿಯ ದರ್ಶನ ಮಾಡುತ್ತವೆ. ಎದುರಿಗಿರುವ ಚಿಕ್ಕಬೆಟ್ಟಕ್ಕೆ, ಅಂದರೆ ಚಂದ್ರಗಿರಿಗೆ, ಸಮಯ ಉಳಿದರೆ ಹೋಗುವುದು ರೂಢಿ. ಆದರೆ ಬೆಳಗೊಳ ತೀರ್ಥವಾದದ್ದು ಮೊದಲು ಈ ಚಿಕ್ಕಬೆಟ್ಟದಿಂದ. ಬಾಹುಬಲಿ ಮೂರ್ತಿ ನಿಲ್ಲುವುದಕ್ಕಿಂತ ನೂರಾರು ವರ್ಷ ಹಿಂದೆಯೇ ಮುನಿಗಳು ಇಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಿದ್ದರು. ಆ ಸಾಲಿನ ಮೊದಲಿಗೆ ಇಬ್ಬರ ಹೆಸರು ಜೊತೆಯಾಗಿ ಬರುತ್ತದೆ: ಕೊನೆಯ ಶ್ರುತಕೇವಲಿ ಭದ್ರಬಾಹು ಸ್ವಾಮಿಗಳು ಮತ್ತು ಅವರ ಶಿಷ್ಯ ಚಂದ್ರಗುಪ್ತ ಮುನಿಗಳು.

ಈ ಗುರುಶಿಷ್ಯರ ಕಥೆಯನ್ನು ಬೆಟ್ಟದ ಮೇಲಿನ ಚಂದ್ರಗುಪ್ತ ಬಸದಿಯಲ್ಲಿ ಎರಡು ಕಲ್ಲಿನ ಜಾಲಂಧ್ರಗಳ ಮೇಲೆ ಚಿಕ್ಕ ಚಿಕ್ಕ ಚೌಕಗಳಲ್ಲಿ ಕೆತ್ತಲಾಗಿದೆ. ದೇಶವನ್ನೇ ಆಜ್ಞೆಯಲ್ಲಿ ಇಟ್ಟುಕೊಂಡಿದ್ದ ಒಬ್ಬ ಅರಸ ಇನ್ನೊಬ್ಬರ ಆಜ್ಞೆಯಲ್ಲಿ ಬದುಕಲು ಕಲಿತ ಕಥೆ ಅದು. ಶ್ರಾವಕರ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಹತ್ತಿರದ ಕಥೆ ಕಡಿಮೆ.

ಮೌರ್ಯ ಚಂದ್ರಗುಪ್ತ

ಚಂದ್ರಗುಪ್ತನ ಹುಟ್ಟಿನ ಬಗ್ಗೆ ಜೈನ ಕಥಾಪರಂಪರೆಯಲ್ಲಿ ಒಂದು ಪ್ರಸಂಗವಿದೆ. ರಾಜನ ನವಿಲುಗಳನ್ನು ಸಾಕುವವರ ಹಳ್ಳಿಯಲ್ಲಿ ಬಸುರಿ ಹೆಣ್ಣುಮಗಳೊಬ್ಬಳಿಗೆ ಚಂದ್ರನನ್ನು ಕುಡಿಯುವ ಬಯಕೆ ಹುಟ್ಟಿತು. ಅಲ್ಲಿಗೆ ಬಂದ ಚಾಣಕ್ಯ ಉಪಾಯ ಮಾಡಿದ. ಹುಣ್ಣಿಮೆಯ ರಾತ್ರಿ ಚಪ್ಪರದ ತೂತಿನ ಕೆಳಗೆ ಹಾಲಿನ ಪಾತ್ರೆ ಇಟ್ಟು, ಅದರಲ್ಲಿ ಬಿಂಬಿಸಿದ ಚಂದ್ರನನ್ನು ಆಕೆ ಕುಡಿಯುವಂತೆ ಮಾಡಿದ. ಹುಟ್ಟಿದ ಮಗುವಿಗೆ ಚಂದ್ರಗುಪ್ತ ಎಂದು ಹೆಸರಾಯಿತು. ಹೇಮಚಂದ್ರಾಚಾರ್ಯರ ಪರಿಶಿಷ್ಟಪರ್ವ ಈ ಕಥೆಯನ್ನು ವಿಸ್ತಾರವಾಗಿ ಹೇಳುತ್ತದೆ. ಚಾಣಕ್ಯನೂ ಜೈನ ಮನೆತನದಲ್ಲಿ ಹುಟ್ಟಿದವನು ಎಂಬುದು ಆ ಗ್ರಂಥದ ನಿರೂಪಣೆ.

ಅದೇ ಗ್ರಂಥದಲ್ಲಿ ಇನ್ನೊಂದು ಪ್ರಸಂಗ ಬರುತ್ತದೆ. ಚಾಣಕ್ಯ, ಚಂದ್ರಗುಪ್ತರು ಮೊದಲ ಸಲ ನೇರವಾಗಿ ನಂದರ ರಾಜಧಾನಿಗೇ ನುಗ್ಗಿ ಸೋತು ತಲೆಮರೆಸಿಕೊಂಡಿದ್ದರು. ಒಂದು ಹಳ್ಳಿಯಲ್ಲಿ ಮುದುಕಿಯೊಬ್ಬಳು ಮಕ್ಕಳಿಗೆ ಬಿಸಿ ಗಂಜಿ ಬಡಿಸುತ್ತಿದ್ದಳು. ಅವಸರದ ಮಗುವೊಂದು ತಟ್ಟೆಯ ನಡುವಿಗೇ ಕೈ ಹಾಕಿ ಬೆರಳು ಸುಟ್ಟುಕೊಂಡಿತು. ಅಂಚಿನಿಂದ ತಿನ್ನದೆ ನಡುವಿಗೆ ಕೈ ಹಾಕಿದ ಮಗುವನ್ನು ಮುದುಕಿ ಚಾಣಕ್ಯನಿಗೆ ಹೋಲಿಸಿ ಗದರಿದಳು. ಮರೆಯಲ್ಲಿ ನಿಂತು ಕೇಳಿಸಿಕೊಂಡ ಚಾಣಕ್ಯನಿಗೆ ತಪ್ಪು ಗೊತ್ತಾಯಿತು. ಮುಂದೆ ಗಡಿಯ ಊರುಗಳನ್ನು ಒಂದೊಂದಾಗಿ ಗೆದ್ದು, ಕೊನೆಗೆ ಪಾಟಲಿಪುತ್ರವನ್ನು ಹಿಡಿದರು. ಸಾಮ್ರಾಜ್ಯದ ಬುನಾದಿಯಲ್ಲಿ ಹೀಗೆ ಹಳ್ಳಿಯ ಮುದುಕಿಯೊಬ್ಬಳ ಬುದ್ಧಿಮಾತೂ ಇದೆ.

ಸುಮಾರು ಕ್ರಿ.ಪೂ. 321ರಲ್ಲಿ ಚಂದ್ರಗುಪ್ತ ಪಟ್ಟಕ್ಕೆ ಬಂದ. ಅಲೆಗ್ಸಾಂಡರನ ನಂತರ ಪಶ್ಚಿಮದ ನಾಡುಗಳನ್ನು ಆಳುತ್ತಿದ್ದ ಸೆಲ್ಯೂಕಸ್ ಸಿಂಧೂ ಪ್ರದೇಶಕ್ಕೆ ಬಂದಾಗ ಅವನನ್ನು ತಡೆದು, ಸುಮಾರು ಕ್ರಿ.ಪೂ. 303ರ ಹೊತ್ತಿಗೆ ಒಪ್ಪಂದ ಮಾಡಿಕೊಂಡ. 500 ಆನೆಗಳನ್ನು ಕೊಟ್ಟು ಸಿಂಧೂ ನದಿಯ ಆಚೆಯ ದೊಡ್ಡ ಭೂಭಾಗವನ್ನು ಪಡೆದ. ಸೆಲ್ಯೂಕಸ್ ಕಳುಹಿಸಿದ ರಾಯಭಾರಿ ಮೆಗಾಸ್ತನೀಸ್ ಪಾಟಲಿಪುತ್ರದಲ್ಲಿದ್ದು ಕಂಡದ್ದನ್ನು ಬರೆದಿಟ್ಟ. ಮೂಲ ಗ್ರಂಥ ಕಳೆದುಹೋಗಿದ್ದರೂ ಗ್ರೀಕ್ ಲೇಖಕರು ಅದರಿಂದ ಎತ್ತಿಕೊಂಡ ಸಂಗತಿಗಳು ಉಳಿದಿವೆ. ದಿನವಿಡೀ ಕುಳಿತು ನ್ಯಾಯ ಕೇಳುತ್ತಿದ್ದ ಅರಸ, ಹಗಲು ನಿದ್ದೆ ಮಾಡುತ್ತಿರಲಿಲ್ಲ. ರಾತ್ರಿ ಒಳಸಂಚಿನ ಭಯದಿಂದ ಮಲಗುವ ಜಾಗವನ್ನು ಆಗಾಗ ಬದಲಾಯಿಸುತ್ತಿದ್ದ. ಕೈಯಲ್ಲಿ ದೇಶವಿದ್ದರೂ ಒಂದೇ ಕೋಣೆಯಲ್ಲಿ ನೆಮ್ಮದಿಯಾಗಿ ಮಲಗುವ ಸ್ಥಿತಿ ಇರಲಿಲ್ಲ. ಇಂಥ ಅರಸ ಕೊನೆಗಾಲದಲ್ಲಿ ತೆರೆದ ಬಂಡೆಯ ಮೇಲೆ ಕಾವಲಿಲ್ಲದೆ ಮಲಗಿದ ಎಂಬುದನ್ನು ನೆನೆದಾಗ ಅವನ ತ್ಯಾಗದ ತೂಕ ತಿಳಿಯುತ್ತದೆ.

ಅವನ ಆಳ್ವಿಕೆ ಸುಮಾರು 24 ವರ್ಷ ನಡೆಯಿತು. ಕ್ರಿ.ಪೂ. 297ರ ಸುಮಾರಿಗೆ ಮಗ ಬಿಂದುಸಾರ ಪಟ್ಟಕ್ಕೆ ಬಂದ.

ಹದಿನಾರು ಕನಸುಗಳು

ಸಾಮ್ರಾಜ್ಯವನ್ನು ಬಿಡಲು ಕಾರಣವೇನು? ದಿಗಂಬರ ಪರಂಪರೆಯ ಕಥೆ ಇಲ್ಲಿ ಕನಸುಗಳಿಂದ ಆರಂಭವಾಗುತ್ತದೆ. ಒಂದು ರಾತ್ರಿ ಚಂದ್ರಗುಪ್ತ ಹದಿನಾರು ಕನಸು ಕಂಡ. ಸೂರ್ಯ ಮುಳುಗುತ್ತಿದ್ದ. ಕಲ್ಪವೃಕ್ಷದ ಕೊಂಬೆ ಮುರಿದು ಬಿತ್ತು. ಇಳಿದು ಬರುತ್ತಿದ್ದ ದೇವವಿಮಾನ ಹಿಂದಿರುಗಿ ಹೋಯಿತು. ಚಂದ್ರಬಿಂಬ ಜರಡಿಯಂತೆ ತೂತಾಗಿ ಕಂಡಿತು. ಕೆರೆ ಬತ್ತಿತ್ತು. ಕಪಿ ಸಿಂಹಾಸನ ಏರಿತ್ತು. ಹನ್ನೆರಡು ಹೆಡೆಯ ಹಾವೊಂದು ಎದುರು ಬಂತು.

ಬೆಳಗಾದ ಮೇಲೆ ಅರಸನ ಮನಸ್ಸು ನಿಲ್ಲಲಿಲ್ಲ. ಆ ಹೊತ್ತಿಗೆ ಭದ್ರಬಾಹು ಸ್ವಾಮಿಗಳು ಸಂಘದೊಡನೆ ಬಂದಿದ್ದರು. ಚಂದ್ರಗುಪ್ತ ಉದ್ಯಾನಕ್ಕೆ ಹೋಗಿ ವಂದಿಸಿ ಕನಸುಗಳ ಫಲ ಕೇಳಿದ. ಗುರುಗಳು ಒಂದೊಂದಕ್ಕೂ ಅರ್ಥ ಹೇಳಿದರು. ಜ್ಞಾನದ ಸೂರ್ಯ ಇಳಿಯುವ ಕಾಲ ಬರಲಿದೆ, ಧರ್ಮದಲ್ಲಿ ಒಡಕುಗಳು ಹುಟ್ಟಲಿವೆ, ಅಯೋಗ್ಯರ ಕೈಗೆ ಅಧಿಕಾರ ಹೋಗಲಿದೆ ಎಂದು ತಿಳಿಸಿದರು. ಹನ್ನೆರಡು ಹೆಡೆಯ ಹಾವು ಹನ್ನೆರಡು ವರ್ಷದ ಕ್ಷಾಮದ ಸೂಚನೆಯಾಗಿತ್ತು.

ಕ್ಷಾಮದ ಮುನ್ಸೂಚನೆ ಭದ್ರಬಾಹುಗಳಿಗೂ ಬೇರೆ ರೀತಿಯಲ್ಲಿ ದೊರೆತಿತ್ತು. ಆಹಾರಕ್ಕೆ ಹೊರಟು ಒಂದು ಮನೆಯ ಅಂಗಳಕ್ಕೆ ಬಂದಾಗ ತೊಟ್ಟಿಲಲ್ಲಿದ್ದ ಹಸುಗೂಸು ಅವರಿಗೆ ಅಲ್ಲಿಂದ ಹೊರಟುಹೋಗುವಂತೆ ನುಡಿಯಿತು. ಅಷ್ಟಾಂಗ ನಿಮಿತ್ತ ಬಲ್ಲ ಗುರುಗಳು ಅದನ್ನು ಬರಲಿರುವ ಕಷ್ಟದ ಸೂಚನೆ ಎಂದು ತಿಳಿದು ಆಹಾರವಿಲ್ಲದೆ ಹಿಂದಿರುಗಿದರು.

ಕ್ಷಾಮ ಎಂದರೆ ಮುನಿಸಂಘಕ್ಕೆ ಬರಿಯ ಹಸಿವಿನ ಪ್ರಶ್ನೆಯಾಗಿರಲಿಲ್ಲ. ಶ್ರಾವಕರೇ ಉಪವಾಸ ಇರುವಾಗ ಮುನಿಗಳಿಗೆ ಶುದ್ಧ ಆಹಾರ ಸಿಗುವುದಿಲ್ಲ. ಸಿಕ್ಕಿದ್ದನ್ನು ತೆಗೆದುಕೊಂಡರೆ ಆಚಾರ ಕೆಡುತ್ತದೆ, ತೆಗೆದುಕೊಳ್ಳದಿದ್ದರೆ ಸಂಘವೇ ಉಳಿಯುವುದಿಲ್ಲ. ಹಸಿದ ಜನರ ನಡುವೆ ಮುನಿಗಳು ಆಹಾರಕ್ಕೆ ಹೊರಡುವುದೂ ದುಃಖದ ವಿಷಯ. ಹೀಗಾಗಿ ಭದ್ರಬಾಹುಗಳು ಸಂಘವನ್ನು ದಕ್ಷಿಣಕ್ಕೆ ಕರೆದೊಯ್ಯಲು ನಿರ್ಧರಿಸಿದರು. ಚಂದ್ರಗುಪ್ತ ರಾಜ್ಯವನ್ನು ಮಗನಿಗೆ ಒಪ್ಪಿಸಿ ಅವರಿಂದ ಜಿನದೀಕ್ಷೆ ಪಡೆದು ಸಂಘದೊಡನೆ ಹೊರಟರು. ಮುಕುಟ ಧರಿಸಿದ ಅರಸರಲ್ಲಿ ಜಿನದೀಕ್ಷೆ ಪಡೆದ ಕೊನೆಯವರು ಚಂದ್ರಗುಪ್ತರು ಎಂದು ತಿಲೋಯಪಣ್ಣತ್ತಿ ಹೇಳುತ್ತದೆ. ದೀಕ್ಷೆಯ ನಂತರ ಅವರಿಗೆ ಪ್ರಭಾಚಂದ್ರ ಎಂಬ ಹೆಸರಾಯಿತು ಎಂಬ ಪರಂಪರೆಯೂ ಇದೆ.

ಕಟವಪ್ರದಲ್ಲಿ ಗುರುಸೇವೆ

ಉಜ್ಜಯಿನಿಯ ಕಡೆಯಿಂದ ಹೊರಟ ಸಂಘ ಕರ್ನಾಟಕದ ಈ ಬೆಟ್ಟದ ಬಳಿಗೆ ಬಂತು. ಆಗ ಇದರ ಹೆಸರು ಕಟವಪ್ರ, ಕನ್ನಡದಲ್ಲಿ ಕಳ್ವಪ್ಪು. ಸುತ್ತಲೂ ಕಾಡು, ನಡುವೆ ದೊಡ್ಡ ಬಂಡೆ. ಇಲ್ಲಿಗೆ ಬಂದಾಗ ಭದ್ರಬಾಹುಗಳಿಗೆ ತಮ್ಮ ಆಯುಷ್ಯ ಮುಗಿಯುತ್ತಾ ಬಂದದ್ದು ತಿಳಿಯಿತು. ಸಂಘದ ಹೊಣೆಯನ್ನು ವಿಶಾಖಾಚಾರ್ಯರಿಗೆ ಒಪ್ಪಿಸಿ, ಎಲ್ಲರೂ ಚೋಳ, ಪಾಂಡ್ಯ ನಾಡುಗಳ ಕಡೆಗೆ ಮುಂದುವರಿಯಬೇಕೆಂದು ಹೇಳಿದರು. ತಾವು ಇಲ್ಲಿಯೇ ಉಳಿದು ಸಲ್ಲೇಖನ ಹಿಡಿಯಲು ನಿಶ್ಚಯಿಸಿದರು.

ಎಲ್ಲರೂ ಹೊರಟರು. ಚಂದ್ರಗುಪ್ತ ಮುನಿಗಳು ಮಾತ್ರ ಗುರುಗಳ ಸೇವೆಗೆ ಉಳಿಯಲು ಅನುಮತಿ ಬೇಡಿದರು. ಅನುಮತಿ ಸಿಕ್ಕಿತು. ಜೈನಾಗಮ ಹೇಳುವ ಆರು ಅಂತರಂಗ ತಪಸ್ಸುಗಳಲ್ಲಿ ವಿನಯ ಒಂದು, ವೈಯಾವೃತ್ಯ ಇನ್ನೊಂದು. ಗುರು, ವೃದ್ಧ, ರೋಗಿ ಮುನಿಗಳಿಗೆ ಮಾಡುವ ಸೇವೆಯೇ ವೈಯಾವೃತ್ಯ. ಸಾವಿರಾರು ಸೇವಕರಿದ್ದ ಅರಸ ಈಗ ಒಬ್ಬ ವೃದ್ಧ ಗುರುವಿನ ಏಕೈಕ ಸೇವಕರಾದರು.

ಇಲ್ಲಿಂದ ಮುಂದಿನ ಭಾಗವೇ ಈ ಜೀವನದ ತಿರುಳು. ಕಾಡಿನಲ್ಲಿ ಶ್ರಾವಕರ ಮನೆಗಳಿರಲಿಲ್ಲ. ಚಂದ್ರಗುಪ್ತ ಮುನಿಗಳು ಗುರುಗಳೊಡನೆ ತಾವೂ ಉಪವಾಸ ಇದ್ದರು. ಗುರುಗಳು ಅದಕ್ಕೆ ಒಪ್ಪಲಿಲ್ಲ. ಆಯುಷ್ಯ ಇರುವವನು ಶಾಸ್ತ್ರದಲ್ಲಿ ಹೇಳಿದ ಕಾಂತಾರಚರ್ಯೆಯಂತೆ ಕಾಡಿನಲ್ಲಿಯೇ ಆಹಾರಕ್ಕೆ ಹೊರಡಬೇಕು ಎಂದು ಆಜ್ಞಾಪಿಸಿದರು. ಮನೆಯೇ ಇಲ್ಲದ ಕಾಡಿನಲ್ಲಿ ಯಾರು ಆಹಾರ ಕೊಡುತ್ತಾರೆ ಎಂದು ಶಿಷ್ಯರು ವಾದಿಸಲಿಲ್ಲ. ಪಿಂಛಿ, ಕಮಂಡಲು ಹಿಡಿದು ಹೊರಟರು.

ಮೊದಲ ದಿನ ಮರವೊಂದರ ಮರೆಯಿಂದ ಬಳೆ ತೊಟ್ಟ ಕೈಯೊಂದು ಆಹಾರ ನೀಡಲು ಬಂತು. ಕೊಡುವವರ ಮುಖ ಕಾಣಲಿಲ್ಲ. ಮುನಿಗಳು ತೆಗೆದುಕೊಳ್ಳದೆ ಹಿಂದಿರುಗಿ ಗುರುಗಳಿಗೆ ತಿಳಿಸಿದರು. ಗುರುಗಳು ಮೆಚ್ಚಿದರು. ಎರಡನೇ ದಿನ ಬೇರೆ ದಿಕ್ಕಿಗೆ ಹೋದಾಗ ಪಾತ್ರೆಯಲ್ಲಿ ಸಿದ್ಧ ಆಹಾರವಿತ್ತು, ಬಡಿಸುವವರು ಯಾರೂ ಇರಲಿಲ್ಲ. ಕೊಡದ ವಸ್ತುವನ್ನು ತೆಗೆದುಕೊಳ್ಳುವುದು ಅಚೌರ್ಯ ವ್ರತಕ್ಕೆ ಭಂಗ. ಮತ್ತೆ ಬರಿಗೈಯಲ್ಲಿ ಬಂದರು. ಮೂರನೇ ದಿನ ಹೆಂಗಸೊಬ್ಬಳು ಒಬ್ಬಳೇ ನಿಂತು ಆಹಾರಕ್ಕೆ ಕರೆದಳು. ನಿರ್ಜನ ಕಾಡಿನಲ್ಲಿ ಒಬ್ಬಂಟಿ ಹೆಂಗಸಿನಿಂದ ಆಹಾರ ಪಡೆಯುವುದು ಮುನಿಧರ್ಮಕ್ಕೆ ಹೊಂದದು. ಮೂರನೇ ಉಪವಾಸವಾಯಿತು. ನಾಲ್ಕನೇ ದಿನ ಕಾಡಿನ ನಡುವೆ ಒಂದು ಊರೇ ಕಾಣಿಸಿತು. ಶ್ರಾವಕರು ಮನೆಯ ಮುಂದೆ ನಿಂತು ವಿಧಿಪೂರ್ವಕವಾಗಿ ಸ್ವಾಗತಿಸಿ ನವಧಾಭಕ್ತಿಯಿಂದ ಆಹಾರ ಕೊಟ್ಟರು. ಮುನಿಗಳು ಸ್ವೀಕರಿಸಿ ಬಂದು ಗುರುಗಳಿಗೆ ಹೇಳಿದರು.

ಈ ಪ್ರಸಂಗದಲ್ಲಿ ಪವಾಡದ ಊರಿಗಿಂತ ಮೊದಲಿನ ಮೂರು ದಿನಗಳು ಮುಖ್ಯ. ಗುರುವಿನ ಆಜ್ಞೆ ಆಹಾರಕ್ಕೆ ಹೋಗು ಎಂಬುದಾಗಿತ್ತು. ಆಹಾರ ಕಣ್ಣೆದುರು ಇತ್ತು. ಹಸಿವೂ ಇತ್ತು. ನೋಡುವವರು ಯಾರೂ ಇರಲಿಲ್ಲ. ಆದರೂ ಮುನಿಗಳು ಆಜ್ಞೆಯ ಮಾತನ್ನು ಮಾತ್ರ ಹಿಡಿಯದೆ ಅದರ ಹಿಂದಿನ ಧರ್ಮವನ್ನು ಹಿಡಿದರು. ಗುರು ಹೇಳಿದ್ದಾರೆಂದು ವಿವೇಕವನ್ನು ಬಿಟ್ಟುಕೊಡಲಿಲ್ಲ, ವಿವೇಕವಿದೆಯೆಂದು ಗುರುವಿನ ಮಾತನ್ನು ಮೀರಲೂ ಇಲ್ಲ. ಪ್ರತಿದಿನ ನಡೆದದ್ದನ್ನು ಮರೆಮಾಚದೆ ಗುರುಗಳ ಮುಂದೆ ಒಪ್ಪಿಸಿದರು. ಸಮ್ಯಕ್ ದರ್ಶನದ ಜೊತೆಗೆ ಸಮ್ಯಕ್ ಜ್ಞಾನ, ಸಮ್ಯಕ್ ಚಾರಿತ್ರ ಸೇರಬೇಕು ಎಂದು ತತ್ತ್ವಾರ್ಥಸೂತ್ರ ಕಲಿಸುವುದು ಇಲ್ಲಿ ನಾಲ್ಕು ದಿನದ ನಡೆಯಲ್ಲಿ ಕಾಣುತ್ತದೆ.

ಕೆಲಕಾಲದ ನಂತರ ಭದ್ರಬಾಹು ಸ್ವಾಮಿಗಳು ಬೆಟ್ಟದ ಗುಹೆಯಲ್ಲಿ ಸಮಾಧಿಮರಣ ಪಡೆದರು. ಶಿಷ್ಯರು ಗುರುಗಳ ಪಾದಗಳನ್ನು ಕಲ್ಲಿನಲ್ಲಿ ಮೂಡಿಸಿ ಪೂಜಿಸುತ್ತ ಅಲ್ಲಿಯೇ ಉಳಿದರು ಎಂಬುದು ಪರಂಪರೆ.

ಅನುಮಾನದ ಗಳಿಗೆ

ಹನ್ನೆರಡು ವರ್ಷ ಕಳೆದು ಕ್ಷಾಮ ಮುಗಿಯಿತು. ವಿಶಾಖಾಚಾರ್ಯರ ಸಂಘ ಹಿಂದಿರುಗುತ್ತ ಕಳ್ವಪ್ಪುವಿಗೆ ಬಂತು. ಚಂದ್ರಗುಪ್ತ ಮುನಿಗಳು ಸಂತೋಷದಿಂದ ಎದುರು ಹೋಗಿ ವಂದಿಸಿದರು. ಸಂಘದವರ ಮನಸ್ಸಿನಲ್ಲಿ ಮಾತ್ರ ಅನುಮಾನ ಮೂಡಿತು. ಶ್ರಾವಕರೇ ಇಲ್ಲದ ಕಾಡಿನಲ್ಲಿ ಇಷ್ಟು ವರ್ಷ ಬದುಕಿರಬೇಕಾದರೆ ಗೆಡ್ಡೆಗೆಣಸು, ಹಣ್ಣುಹಂಪಲು ತಿಂದು ವ್ರತ ಕೆಡಿಸಿಕೊಂಡಿರಬೇಕು ಎಂದುಕೊಂಡರು. ಪ್ರತಿವಂದನೆ ಮಾಡಲು ಹಿಂಜರಿದರು.

ಚಂದ್ರಗುಪ್ತ ಮುನಿಗಳು ಕೋಪಿಸಿಕೊಳ್ಳಲಿಲ್ಲ. ಒಂದು ಕಾಲಕ್ಕೆ ಕಣ್ಣಿನ ಸನ್ನೆಯಿಂದ ಶಿಕ್ಷೆ ಕೊಡಬಲ್ಲವರಾಗಿದ್ದವರು ಈಗ ತಮ್ಮ ಪರ ವಾದ ಮಾಡಲೂ ಮುಂದಾಗಲಿಲ್ಲ. ಸಂಘವನ್ನು ಆಹಾರಕ್ಕಾಗಿ ಆ ಊರಿನ ಕಡೆಗೆ ಕರೆದೊಯ್ದರು. ಅಲ್ಲಿನ ಶ್ರಾವಕರು ಎಲ್ಲರಿಗೂ ವಿಧಿಯಂತೆ ಆಹಾರ ಕೊಟ್ಟರು. ಹಿಂದಿರುಗಿದ ಮೇಲೆ ಒಬ್ಬರಿಗೆ ತಮ್ಮ ಕಮಂಡಲು ಅಲ್ಲಿಯೇ ಮರೆತುಬಂದದ್ದು ನೆನಪಾಯಿತು. ತರಲು ಹೋದರೆ ಊರೂ ಇಲ್ಲ, ಮನೆಗಳೂ ಇಲ್ಲ. ಕಮಂಡಲು ಮರದ ಕೊಂಬೆಯಲ್ಲಿ ನೇತಾಡುತ್ತಿತ್ತು.

ಆಗ ಎಲ್ಲರಿಗೂ ತಿಳಿಯಿತು. ಈ ಮುನಿಗಳ ಆಚಾರನಿಷ್ಠೆಗೆ ಮೆಚ್ಚಿ ವನದೇವತೆಗಳೇ ಊರನ್ನು ನಿರ್ಮಿಸಿ ಆಹಾರ ಕೊಡುತ್ತಿದ್ದವು. ಅನುಮಾನಪಟ್ಟವರು ಚಂದ್ರಗುಪ್ತ ಮುನಿಗಳನ್ನು ಗೌರವಿಸಿದರು. ಕಥೆ ಅಷ್ಟಕ್ಕೇ ನಿಲ್ಲುವುದಿಲ್ಲ. ದೇವತೆಗಳು ಕೊಟ್ಟ ಆಹಾರ ಮುನಿಗಳಿಗೆ ಯೋಗ್ಯವಲ್ಲ. ತಿಳಿಯದೆ ತೆಗೆದುಕೊಂಡಿದ್ದರೂ ದೋಷ ದೋಷವೇ. ಹಾಗಾಗಿ ಸಂಘವೆಲ್ಲ ಪ್ರಾಯಶ್ಚಿತ್ತ ಮಾಡಿಕೊಂಡಿತು. ಚಂದ್ರಗುಪ್ತ ಮುನಿಗಳೂ ಅದಕ್ಕೆ ಹೊರತಾಗಲಿಲ್ಲ. ದೇವತೆಗಳೇ ಸೇವೆ ಮಾಡಿದರು ಎಂಬ ಹೆಮ್ಮೆಗೆ ಈ ಕಥೆಯಲ್ಲಿ ಜಾಗವೇ ಇಲ್ಲ. ಕೊನೆಗೆ ಅವರೂ ಇದೇ ಬೆಟ್ಟದಲ್ಲಿ ಸಲ್ಲೇಖನ ವಿಧಿಯಿಂದ ದೇಹತ್ಯಾಗ ಮಾಡಿದರು. ಬೆಟ್ಟಕ್ಕೆ ಚಂದ್ರಗಿರಿ ಎಂಬ ಹೆಸರು ಅವರಿಂದ ಬಂತು.

ಗ್ರಂಥಗಳು, ಶಾಸನಗಳು

ಈ ಕಥೆ ಎಲ್ಲ ಗ್ರಂಥಗಳಲ್ಲೂ ಒಂದೇ ರೀತಿ ಇಲ್ಲ. ಕ್ರಿ.ಶ. 931ರಲ್ಲಿ ಹರಿಷೇಣರು ರಚಿಸಿದ ಬೃಹತ್ಕಥಾಕೋಶದಲ್ಲಿ ಭದ್ರಬಾಹುಗಳು ಉಜ್ಜಯಿನಿಯ ಕಡೆಯಲ್ಲೇ ದೇಹ ಬಿಡುತ್ತಾರೆ. ಚಂದ್ರಗುಪ್ತರೇ ದೀಕ್ಷೆಯ ನಂತರ ವಿಶಾಖಾಚಾರ್ಯರೆಂಬ ಹೆಸರಿನಿಂದ ಸಂಘವನ್ನು ದಕ್ಷಿಣಕ್ಕೆ ಕರೆತರುತ್ತಾರೆ. ಕನ್ನಡದ ಹಳೆಯ ಗದ್ಯಕೃತಿ ವಡ್ಡಾರಾಧನೆಯ 19 ಕಥೆಗಳಲ್ಲಿ ಭದ್ರಬಾಹು ಭಟಾರರ ಕಥೆಯೂ ಒಂದು. ರತ್ನನಂದಿಯ ಭದ್ರಬಾಹು ಚರಿತೆ, ಚಿದಾನಂದ ಕವಿಯ ಮುನಿವಂಶಾಭ್ಯುದಯ, 19ನೇ ಶತಮಾನದ ದೇವಚಂದ್ರನ ರಾಜಾವಳಿ ಕಥೆ ಇದನ್ನು ಮತ್ತೆ ಮತ್ತೆ ಹೇಳಿವೆ. ಶ್ವೇತಾಂಬರ ಪರಂಪರೆಯಲ್ಲಿ ಕ್ಷಾಮದ ಕಾಲದ ಭದ್ರಬಾಹುಗಳು ನೇಪಾಳದ ಕಡೆ ಧ್ಯಾನದಲ್ಲಿದ್ದರು ಎಂಬ ನಿರೂಪಣೆಯಿದೆ.

ಕಲ್ಲಿನ ಸಾಕ್ಷಿ ಗ್ರಂಥಗಳಿಗಿಂತ ಹಳೆಯದು. ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮೇಲಿರುವ, ಸುಮಾರು ಕ್ರಿ.ಶ. 600ರ ಶಾಸನ ಬೆಳಗೊಳದ ಮೊದಲ ಶಾಸನವೆಂದು ಹೆಸರಾಗಿದೆ. ಉಜ್ಜಯಿನಿಯಲ್ಲಿ ಹನ್ನೆರಡು ವರ್ಷದ ವಿಪತ್ತಿನ ಮುನ್ಸೂಚನೆ, ಸಂಘದ ದಕ್ಷಿಣಯಾತ್ರೆ, ಕಟವಪ್ರದಲ್ಲಿ ಪ್ರಭಾಚಂದ್ರರ ಸಮಾಧಿ, ಕಾಲಕ್ರಮದಲ್ಲಿ 700 ಋಷಿಗಳ ಸಮಾಧಿ ಇದರಲ್ಲಿ ಬರುತ್ತವೆ. ಸುಮಾರು 650ರ ಇನ್ನೊಂದು ಶಾಸನ ಭದ್ರಬಾಹು, ಚಂದ್ರಗುಪ್ತರನ್ನು ಜೋಡಿಯಾಗಿ ಹೆಸರಿಸುತ್ತದೆ. ಶ್ರೀರಂಗಪಟ್ಟಣದ ಬಳಿ ಸಿಕ್ಕ, ಸುಮಾರು 900ರ ಎರಡು ಶಾಸನಗಳು ಇವರಿಬ್ಬರ ಪಾದಚಿಹ್ನೆಗಳಿರುವ ಬೆಟ್ಟವನ್ನು ನೆನೆಯುತ್ತವೆ. 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿ ವನದೇವತೆಗಳು ಚಂದ್ರಗುಪ್ತರನ್ನು ಬಹುಕಾಲ ಸೇವಿಸಿದ ಸಂಗತಿಯಿದೆ.

ಬಿ.ಎಲ್. ರೈಸ್ 1889ರಲ್ಲಿ ಬೆಳಗೊಳದ ಶಾಸನಗಳನ್ನು ಪ್ರಕಟಿಸಿದ ಮೇಲೆ ವಿದ್ವಾಂಸರಲ್ಲಿ ದೊಡ್ಡ ಚರ್ಚೆ ನಡೆಯಿತು. ರೈಸ್ ಮತ್ತು ಆರ್. ನರಸಿಂಹಾಚಾರ್ಯರು ಈ ಚಂದ್ರಗುಪ್ತರು ಮೌರ್ಯ ಸಾಮ್ರಾಟರೇ ಎಂದರು. ಫ್ಲೀಟ್ ಒಪ್ಪಲಿಲ್ಲ. ಮೊದಲು ಅನುಮಾನಪಟ್ಟಿದ್ದ ವಿನ್ಸೆಂಟ್ ಸ್ಮಿತ್ ನಂತರ ಈ ಪರಂಪರೆಯನ್ನು ನಂಬಲರ್ಹವೆಂದು ಒಪ್ಪಿದರು. ಸಾಮ್ರಾಟನ ನೆನಪಿಗೆ ಭಾರತದ ಅಂಚೆ ಇಲಾಖೆ 2001ರಲ್ಲಿ ಅಂಚೆ ಚೀಟಿ ಹೊರಡಿಸಿದೆ.

ದಾಸೋಜನ 90 ಚೌಕಗಳು

ಚಂದ್ರಗುಪ್ತ ಬಸದಿ ಚಿಕ್ಕಬೆಟ್ಟದ ಬಸದಿಗಳಲ್ಲೇ ಅತಿ ಚಿಕ್ಕದು. ಕತ್ತಲೆ ಬಸದಿಯ ಮಗ್ಗುಲಲ್ಲಿದೆ. ಸಾಲಾಗಿ ಮೂರು ಗರ್ಭಗುಡಿಗಳು, ಮುಂದೆ ಇಕ್ಕಟ್ಟಾದ ಒಂದು ಓಣಿ, ಇಷ್ಟೇ ಮೊದಲಿನ ಕಟ್ಟಡ. ನಡುವೆ ಪಾರ್ಶ್ವನಾಥ ಸ್ವಾಮಿ, ಇಕ್ಕೆಲಗಳಲ್ಲಿ ಪದ್ಮಾವತಿ, ಕೂಷ್ಮಾಂಡಿನಿ ದೇವಿಯರು. 12ನೇ ಶತಮಾನದಲ್ಲಿ ಇದರ ಮುಂದೆ ಅಲಂಕಾರದ ಬಾಗಿಲುವಾಡವನ್ನೂ ಅದರ ಎರಡು ಬದಿಗೆ ಎರಡು ಕಲ್ಲಿನ ಜಾಲಂಧ್ರಗಳನ್ನೂ ಕೂಡಿಸಿದರು.

ಜಾಲಂಧ್ರ ಎಂದರೆ ಗಾಳಿ ಬೆಳಕು ಬರಲು ತೂತು ಕೊರೆದ ಕಲ್ಲಿನ ಪರದೆ. ಇಲ್ಲಿ ಒಂದೊಂದರಲ್ಲಿ 45ರಂತೆ ಒಟ್ಟು 90 ಚಿತ್ರಗಳಿವೆ. ಭದ್ರಬಾಹು, ಚಂದ್ರಗುಪ್ತರ ಜೀವನದ ದೃಶ್ಯಗಳನ್ನು ಬೆರಳಷ್ಟು ಜಾಗದಲ್ಲಿ ಕೆತ್ತಲಾಗಿದೆ. ಕೆತ್ತಿದವನ ಹೆಸರೂ ಅಲ್ಲಿಯೇ ಇದೆ: ದಾಸೋಜ. ಬೇಲೂರು ಚೆನ್ನಕೇಶವ ದೇವಾಲಯದ ಮದನಿಕೆಗಳಲ್ಲಿ ಕೆಲವನ್ನು ಕಡೆದ ಬಳ್ಳಿಗಾವೆಯ ದಾಸೋಜನೇ ಇವನು ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಬೇಲೂರಿನಲ್ಲಿ ಎತ್ತರದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಕೆಲಸ ಮಾಡಿದ ಶಿಲ್ಪಿ, ಇಲ್ಲಿ ಹತ್ತಿರ ನಿಂತು ನೋಡಿದರೆ ಮಾತ್ರ ಕಾಣುವ ಚಿತ್ರಗಳನ್ನು ಮಾಡಿದ್ದಾನೆ. ಓದು ಬರಹ ಬಾರದ ಯಾತ್ರಿಕನಿಗೂ ಕಥೆ ತಿಳಿಯಲಿ ಎಂಬುದು ಇಂಥ ಕೆತ್ತನೆಗಳ ಉದ್ದೇಶ. ಹೇಳುವ ಹಿರಿಯರು ಪಕ್ಕದಲ್ಲಿದ್ದರೆ ಒಂದೊಂದು ಚೌಕವೂ ಒಂದೊಂದು ಪಾಠವಾಗುತ್ತದೆ. ಪೂರ್ವದ ಕಡೆಯ ಜಾಲಂಧ್ರದಲ್ಲಿ ಒಂದು ಬಿಟ್ಟು ಒಂದು ಸಾಲಿನ ಕ್ರಮ ಹೆಚ್ಚುಕಡಿಮೆಯಾಗಿದೆ ಎಂದು ನರಸಿಂಹಾಚಾರ್ಯರು ಗಮನಿಸಿದ್ದಾರೆ. ಆದ್ದರಿಂದ ಕಥೆಯನ್ನು ಮೊದಲೇ ತಿಳಿದುಕೊಂಡು ಹೋದವರಿಗೆ ಚಿತ್ರಗಳು ಬೇಗ ಮಾತಾಡುತ್ತವೆ.

ಮಾಗಡಿಯ ಕಲ್ಯ ಮತ್ತು ಬೆಳಗೊಳದ ನಂಟು

ಗುರುಶಿಷ್ಯರ ಈ ಬೆಟ್ಟ ಇಂದಿಗೂ ಉಳಿದು ಬಂದಿರುವುದಕ್ಕೆ ಕಾರಣರಾದವರಲ್ಲಿ ಮಾಗಡಿ ಸೀಮೆಯ ಶ್ರಾವಕರೂ ಇದ್ದಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸುತ್ತಿನ ನಾಡು ಹಿಂದೆ ಗಂಗರ ಆಳ್ವಿಕೆಗೆ ಸೇರಿತ್ತು. ಚನ್ನಪಟ್ಟಣದ ಬಳಿಯ ಮಾಕುಂದ ಗಂಗ ಅರಸರ ಬಿಡಾರವಾಗಿತ್ತು. ಮಾಗಡಿ ತಾಲ್ಲೂಕಿನ ಕಲ್ಯ ವಿಜಯನಗರದ ಕಾಲದಲ್ಲಿ ಜೈನ ವರ್ತಕರ ದೊಡ್ಡ ಪಟ್ಟಣ. ಶಾಸನಗಳಲ್ಲಿ ಇದರ ಹೆಸರು ಕಲ್ಲೇಹ.

1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹದ ಜೈನರು ಬುಕ್ಕರಾಯನಿಗೆ ದೂರು ಒಯ್ದರು. ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪು ಕೊಟ್ಟ. ಪಂಚಮಹಾವಾದ್ಯ, ಕಳಶದ ಮರ್ಯಾದೆ ಜೈನರಿಗೆ ಮೊದಲಿನಂತೆ ಸಲ್ಲಬೇಕೆಂದ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಕೂಡಿಸಿ, ಬೆಳಗೊಳದ ದೇವರ ಕಾವಲಿಗೆ ತಿರುಮಲೆಯ ತಾತಯ್ಯ 20 ಆಳುಗಳನ್ನು ಇಡಬೇಕು, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕು ಎಂದು ಗೊತ್ತುಮಾಡಲಾಯಿತು. ಕಲ್ಲೇಹದ ಹರ್ವಿಶೆಟ್ಟಿಯ ಮಗ ಬುಸುವಿಶೆಟ್ಟಿ ಅರಸನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ ಶಾಸನದ ಜೀರ್ಣೋದ್ಧಾರ ಮಾಡಿಸಿದ. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಈ ಶಾಸನ ಬೆಳಗೊಳದ ಭಂಡಾರಿ ಬಸದಿಯಲ್ಲಿದೆ, ಮಾಗಡಿಯ ಕಲ್ಯದಲ್ಲಿಯೂ ಇದೆ.

ಒಬ್ಬ ಅರಸ ಗುರುವಿನ ಕೊನೆಯ ದಿನಗಳ ಸೇವೆಗೆ ನಿಂತ ನೆಲವನ್ನು ಕಾಯಲು, ಎಷ್ಟೋ ತಲೆಮಾರುಗಳ ನಂತರ ಗೃಹಸ್ಥರು ಮನೆಗೊಂದು ಹಣ ಕೊಡಲು ಒಪ್ಪಿದರು. ಮುನಿಗಳಿಗೆ ಮಹಾವ್ರತ, ಶ್ರಾವಕರಿಗೆ ಅಣುವ್ರತ ಇರುವಂತೆ, ಸೇವೆಯಲ್ಲೂ ಅವರವರ ಅಳತೆ ಇರುತ್ತದೆ.

ದರ್ಶನಕ್ಕೆ ಹೋಗುವವರಿಗೆ

ಮಾಗಡಿಯ ಕಡೆಯವರು ಕುಣಿಗಲ್ ಮೇಲೆ, ರಾಮನಗರ, ಚನ್ನಪಟ್ಟಣದ ಕಡೆಯವರು ಮದ್ದೂರು, ನಾಗಮಂಗಲದ ಮೇಲೆ ಬೆಳಗೊಳ ತಲುಪಬಹುದು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯನ್ನೂ ಅದೇ ಯಾತ್ರೆಯಲ್ಲಿ ನೋಡಬಹುದು. ಚಿಕ್ಕಬೆಟ್ಟಕ್ಕೆ ಬರಿಗಾಲಲ್ಲಿ ಹತ್ತಬೇಕಾದ್ದರಿಂದ ಬಂಡೆ ಕಾಯುವ ಮೊದಲು, ಬೆಳಗ್ಗೆ ಹೋಗುವುದು ಒಳ್ಳೆಯದು. ಭದ್ರಬಾಹು ಗುಹೆ ಬಸದಿಗಳ ಪ್ರಾಕಾರದ ಹೊರಗಿದೆ. ಗುಹೆಯಲ್ಲಿ ಗುರುಗಳ ಪಾದಗಳಿಗೆ ನಮಸ್ಕರಿಸಿ, ಚಂದ್ರಗುಪ್ತ ಬಸದಿಗೆ ಬಂದರೆ ಕಥೆಯ ಎರಡು ತುದಿಗಳೂ ಕೂಡುತ್ತವೆ.

ಜಾಲಂಧ್ರಗಳನ್ನು ಕೈಯಿಂದ ಮುಟ್ಟಬಾರದು, ಗಂಧ, ಎಣ್ಣೆ ಸವರಬಾರದು. ಒಂಬತ್ತು ಶತಮಾನದ ಸೂಕ್ಷ್ಮ ಕೆತ್ತನೆ ಅದು. ಮಕ್ಕಳಿಗೆ ಕನಸುಗಳ ಕಥೆ, ಕಾಡಿನ ನಾಲ್ಕು ದಿನಗಳ ಕಥೆ, ಮರದಲ್ಲಿ ನೇತಾಡಿದ ಕಮಂಡಲುವಿನ ಕಥೆ ದಾರಿಯಲ್ಲೇ ಹೇಳಿ ಕರೆದೊಯ್ದರೆ, ಬಸದಿಯ ಬಾಗಿಲಲ್ಲಿ ಅರಸನನ್ನೂ ಮುನಿಗಳನ್ನೂ ಅವರೇ ಹುಡುಕುತ್ತಾರೆ.